ಇಳಿಯಲು ಮೂರು ನಿಮಿಷ, ಹತ್ತಲು ಆರು: ಸೈಕಲ್ ಪ್ರವಾಸದ ಪೂರ್ವಾಭ್ಯಾಸದಲ್ಲಿ ನಾನು ಕಲಿತ ಪಾಠ

ಹಿನ್ನೆಲೆ

ನಾನು ಬಿ.ಇಡಿ. ಎರಡನೇ ವರ್ಷದ ಪ್ರಶಿಕ್ಷಣಾರ್ಥಿ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ನಿಯೋಜಿಸಿದ್ದು ಮೈಸೂರು ನಗರದ ಉತ್ತರದ ಅಂಚಿನಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆಗೆ. ಅಲ್ಲಿನ ದೈಹಿಕ ಶಿಕ್ಷಣ ಶಿಕ್ಷಕರಿಗೆ ಬಹಳ ದಿನದಿಂದ ಒಂದು ಆಸೆಯಿತ್ತು. ಒಂಬತ್ತನೇ ತರಗತಿಯ ಮಕ್ಕಳನ್ನು ಸೈಕಲ್ಲಿನಲ್ಲಿ ಮೇಲುಕೋಟೆಗೆ ಕರೆದುಕೊಂಡು ಹೋಗಬೇಕು, ಒಂದು ರಾತ್ರಿ ಅಲ್ಲಿ ತಂಗಬೇಕು, ಮರುದಿನ ಸೈಕಲ್ಲಿನಲ್ಲೇ ಹಿಂತಿರುಗಬೇಕು. ಶಾಲೆಯಿಂದ ಮೇಲುಕೋಟೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮಾರ್ಗವಾಗಿ ಸುಮಾರು 46 ಕಿ.ಮೀ. ಹೋಗಿ ಬರುವುದು 90 ಕಿ.ಮೀ. ದಾಟುತ್ತದೆ. ಗೇರು ಇಲ್ಲದ ಸಾಧಾರಣ ಸೈಕಲ್ಲಿನ ಮಕ್ಕಳಿಗೆ ಇದು ದೂರದ ಪ್ರಯಾಣವೇ.

ತರಗತಿಯ 28 ಮಕ್ಕಳಲ್ಲಿ 19 ಮಂದಿಗೆ ಸೈಕಲ್ ಇತ್ತು ಅಥವಾ ಮನೆಯಲ್ಲಿ ಕೇಳಿ ತರುವ ಅವಕಾಶವಿತ್ತು. ಉಳಿದ ಒಂಬತ್ತು ಮಂದಿ ಸಾಮಾನಿನ ಆಟೋದ ಜೊತೆ ಬರುವ ಅಡುಗೆ ತಂಡ ಎಂದು ಮಾತಾಯಿತು. ನನ್ನ ಮಾರ್ಗದರ್ಶಕ ಶಿಕ್ಷಕರು ಸೂಚಿಸಿದ್ದು ಇಷ್ಟು: "ನಿಮಗೆ ಹೇಗೂ 'ಚಲನೆ' ಪಾಠ ಬಂದಿದೆ. ಈ ಪ್ರವಾಸದ ತಯಾರಿಯನ್ನೇ ಪಾಠಕ್ಕೆ ಬಳಸಿಕೊಳ್ಳಿ."

ಎಂಟು ವಾರದ ತಯಾರಿಯಲ್ಲಿ ಮಕ್ಕಳಿಗಿಂತ ಹೆಚ್ಚು ತಪ್ಪಿದ್ದು ನಾನು. ಆ ತಪ್ಪು ಏನು, ಎಲ್ಲಿ ಆಯಿತು, ಹೇಗೆ ತಿದ್ದಿಕೊಂಡೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮಕ್ಕಳ ಹೆಸರನ್ನು ಬಿಟ್ಟಿದ್ದೇನೆ.

ಪಾಠದ ಉದ್ದೇಶಗಳು

1. ದೂರ, ಕಾಲ, ಜವಗಳ ಸಂಬಂಧವನ್ನು ಮಕ್ಕಳು ಸ್ವತಃ ಅಳೆದ ಸಂಖ್ಯೆಗಳಿಂದ ಕಂಡುಕೊಳ್ಳುವುದು.
2. ಸರಾಸರಿ ಜವದ ಅರ್ಥವನ್ನು ಗ್ರಹಿಸಿ ಪ್ರಯಾಣದ ವೇಳಾಪಟ್ಟಿಗೆ ಅನ್ವಯಿಸುವುದು.
3. ದೇಹದ ದಣಿವು, ನಾಡಿಬಡಿತ, ಚೇತರಿಕೆಗಳನ್ನು ಗಮನಿಸಿ ಬರೆದಿಡುವುದು.

ಮೊದಲ ವಾರ: ಅಂಗಳದಲ್ಲಿ ಅಳತೆ

ಮೊದಲ ಶನಿವಾರ ಯಾರೂ ರಸ್ತೆಗೆ ಇಳಿಯಲಿಲ್ಲ. ಸೈಕಲ್ಲುಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಬ್ರೇಕು, ಚೈನು, ಗಾಳಿ ನೋಡಿದೆವು. ಆಮೇಲೆ ಅಳತೆ. ಒಂದು ಸೈಕಲ್ಲಿನ ಚಕ್ರದ ವ್ಯಾಸ ಟೈರು ಸೇರಿ 66 ಸೆಂ.ಮೀ. ಬಂತು. ಪರಿಧಿ 22/7 × 66, ಅಂದರೆ ಸುಮಾರು 207 ಸೆಂ.ಮೀ. ಟೈರಿಗೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ನೆಲದ ಮೇಲೆ ಟೇಪು ಹಿಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು. ಪೆಡಲಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 44/18, ಅಂದರೆ ಸುಮಾರು 2.44 ಸುತ್ತು ತಿರುಗುತ್ತದೆ. ಹಾಗಾದರೆ ಒಂದು ಸಲ ಪೆಡಲು ತುಳಿದು ಸುತ್ತಿದರೆ ಸೈಕಲ್ಲು ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ಮೇಲುಕೋಟೆಗೆ ಎಷ್ಟು ಸುತ್ತು? ಒಂಬತ್ತು ಸಾವಿರಕ್ಕೂ ಹೆಚ್ಚು. ಈ ಸಂಖ್ಯೆ ಕೇಳಿ ಹಿಂದಿನ ಸಾಲಿನ ಹುಡುಗನೊಬ್ಬ, "ಸಾರ್, ಆಟೋದಲ್ಲಿ ಜಾಗ ಇದ್ಯಾ?" ಎಂದ. ಎಲ್ಲರೂ ನಕ್ಕರು. ಅನುಪಾತದ ಪಾಠ ಹೀಗೆ ಸಲೀಸಾಗಿ ಮುಗಿಯಿತು.

ಎರಡನೇ ವಾರ: ಚಾಮುಂಡಿ ಬೆಟ್ಟದ ಮೆಟ್ಟಿಲು

ಸೈಕಲ್ ಪ್ರವಾಸಕ್ಕೆ ಬೆಟ್ಟ ಹತ್ತುವ ಅಭ್ಯಾಸ ಏಕೆ ಎಂದು ನಾನೂ ಕೇಳಿದ್ದೆ. ದೈಹಿಕ ಶಿಕ್ಷಣ ಶಿಕ್ಷಕರು ಎರಡು ಕಾರಣ ಕೊಟ್ಟರು. ಒಂದು, ಜಕ್ಕನಹಳ್ಳಿ ದಾಟಿದ ಮೇಲೆ ಮೇಲುಕೋಟೆಯವರೆಗೆ ಏರು. ಮಕ್ಕಳು ಅಲ್ಲಲ್ಲಿ ಇಳಿದು ಸೈಕಲ್ ತಳ್ಳಲೇಬೇಕು. ಊರು ಸೇರಿದ ಮೇಲೆ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲೂ ಇದೆ. ಇನ್ನೊಂದು, ಸೈಕಲ್ಲಿನ ಒಳ್ಳೆಯದು ಕೆಟ್ಟದ್ದು ಯಾವುದೂ ಸೇರದೆ ಮಗುವಿನ ಕಾಲು ಮತ್ತು ಉಸಿರಿನ ಶಕ್ತಿ ಎಷ್ಟೆಂದು ಮೆಟ್ಟಿಲಲ್ಲಿ ಗೊತ್ತಾಗುತ್ತದೆ. ಈ ಎರಡನೆಯ ಕಾರಣದ ಬೆಲೆ ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ.

ಭಾನುವಾರ ಬೆಳಿಗ್ಗೆ ಬೆಟ್ಟದ ಪಾದದಲ್ಲಿ ಸೇರಿದೆವು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಸುಮಾರು 700ನೇ ಮೆಟ್ಟಿಲಿನ ಬಳಿ ದೊಡ್ಡ ನಂದಿ. ಮೂರು ಕಡೆ ನಾಡಿ ಎಣಿಸಬೇಕೆಂದು ಗೊತ್ತು ಮಾಡಿದ್ದೆವು: ಹತ್ತುವ ಮೊದಲು ಕೂತು, ನಂದಿಯ ಬಳಿ ತಲುಪಿದ ಕೂಡಲೇ, ಅಲ್ಲೇ ಐದು ನಿಮಿಷ ಕೂತ ಮೇಲೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಎಷ್ಟು ಏರಿತು ಎಂಬುದಕ್ಕಿಂತ ಐದು ನಿಮಿಷದಲ್ಲಿ ಎಷ್ಟು ಇಳಿಯಿತು ಎಂಬುದನ್ನು ನೋಡಿ ಎಂದು ಹೇಳಿದ್ದೆ. ಅಭ್ಯಾಸವಿರುವ ದೇಹ ಬೇಗ ಚೇತರಿಸಿಕೊಳ್ಳುತ್ತದೆ.

ನಂದಿಯ ಬಳಿಗೆ ಎಲ್ಲರಿಗಿಂತ ಮೊದಲು ತಲುಪಿದವಳು ಮೂರನೇ ಸಾಲಿನ ಒಬ್ಬ ಹುಡುಗಿ. ದಿನಾ ನಾಲ್ಕು ಕಿ.ಮೀ. ನಡೆದು ಶಾಲೆಗೆ ಬರುವವಳು. ಐದು ನಿಮಿಷದಲ್ಲಿ ಅವಳ ನಾಡಿ ಕೂತಾಗಿನ ಮಟ್ಟದ ಹತ್ತಿರಕ್ಕೆ ಬಂದಿತ್ತು. ನಾನು ಸಂಖ್ಯೆ ಬರೆದುಕೊಂಡೆ. ಅದರ ಅರ್ಥವನ್ನು ಯೋಚಿಸಲಿಲ್ಲ.

ಸೋಮವಾರ ಮಕ್ಕಳು ಚೆನ್ನಾಗಿಯೇ ಇದ್ದರು. ಮಂಗಳವಾರ ಅರ್ಧ ತರಗತಿ ತೊಡೆ ಹಿಡಿದುಕೊಂಡು ಬಂತು; ಬಿಸಿಯೂಟಕ್ಕೆ ನೆಲದ ಮೇಲೆ ಕೂರಲು ಕಷ್ಟಪಟ್ಟರು. "ಹತ್ತಿದ್ದಕ್ಕೆ ನೋವು" ಎಂದು ಎಲ್ಲರ ತೀರ್ಮಾನ. ನಿಜವಾಗಿ ಈ ನೋವು ಹೆಚ್ಚಾಗಿ ಇಳಿದದ್ದರ ಫಲ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಮೈಭಾರವನ್ನು ತಡೆದು ಹಿಡಿಯಬೇಕು. ರೂಢಿಯಿಲ್ಲದವರಿಗೆ ಈ ಕೆಲಸದಿಂದ ಬರುವ ನೋವು ಒಂದೆರಡು ದಿನ ತಡವಾಗಿ ಕಾಣಿಸಿಕೊಂಡು ತಾನಾಗಿ ಹೋಗುತ್ತದೆ. ಕೆಲವು ವಾರದೊಳಗೆ ಅದೇ ಬೆಟ್ಟ ಮತ್ತೆ ಹತ್ತಿ ಇಳಿದರೆ ನೋವು ಬಹಳ ಕಡಿಮೆ. ಆರನೇ ವಾರ ಮತ್ತೆ ಹೋದಾಗ ಮಕ್ಕಳು ಇದನ್ನು ತಮ್ಮ ಮೈಯಲ್ಲೇ ಪರೀಕ್ಷಿಸಿ ನೋಡಿದರು. ಮೊದಲ ಚಾರಣವನ್ನು ಪ್ರವಾಸದ ಹಿಂದಿನ ವಾರಕ್ಕೆ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಅವರೇ ಹೇಳಿದರು.

ಮೂರನೇ ವಾರ: ನನ್ನ ಪಾಠ ಮತ್ತು ನನ್ನ ತಪ್ಪು

ಶಾಲೆಯ ಮುಂದೆ ಒಂದು ಇಳಿಜಾರು ರಸ್ತೆಯಿದೆ. ಅದರಲ್ಲಿ 600 ಮೀಟರ್ ಗುರುತು ಮಾಡಿದೆವು. ಗುಂಪಾಗಿ ಸೈಕಲ್ ಓಡಿಸಿದಾಗ ಇಳಿಯಲು 3 ನಿಮಿಷ, ಹತ್ತಲು 6 ನಿಮಿಷ ಬೇಕಾಯಿತು. ಅಂದರೆ ಇಳಿಯುವಾಗ ಗಂಟೆಗೆ 12 ಕಿ.ಮೀ., ಹತ್ತುವಾಗ ಗಂಟೆಗೆ 6 ಕಿ.ಮೀ.

ಗುರುವಾರ ಕಾಲೇಜಿನಿಂದ ಮೇಲ್ವಿಚಾರಕರು ಪಾಠ ವೀಕ್ಷಣೆಗೆ ಬಂದಿದ್ದರು. ಶನಿವಾರ ಶ್ರೀರಂಗಪಟ್ಟಣಕ್ಕೆ ಮೊದಲ ಸವಾರಿ: ಹೋಗಲು 12 ಕಿ.ಮೀ., ಬರಲು 12 ಕಿ.ಮೀ. ಶ್ರೀರಂಗಪಟ್ಟಣ ಮೈಸೂರಿಗಿಂತ ತಗ್ಗಿನಲ್ಲಿದೆ. ಹೋಗುವಾಗ ಒಟ್ಟಾರೆ ಇಳಿತ, ಬರುವಾಗ ಏರು. ಆದ್ದರಿಂದ ನಮ್ಮ ಇಳಿಜಾರಿನ ಅಳತೆಯನ್ನೇ ಬಳಸಿ ಪ್ರಯಾಣದ ಕಾಲ ಲೆಕ್ಕ ಹಾಕೋಣ ಎಂದೆ. ಕಪ್ಪುಹಲಗೆಯ ಮೇಲೆ (12 + 6) ÷ 2 = 9 ಎಂದು ಬರೆದೆ. 24 ಕಿ.ಮೀ.ಗೆ ಗಂಟೆಗೆ 9ರಂತೆ 2 ಗಂಟೆ 40 ನಿಮಿಷ.

ಬೆಟ್ಟದಲ್ಲಿ ಮೊದಲು ಬಂದಿದ್ದ ಹುಡುಗಿ ಕೈಯೆತ್ತಿದಳು. "ಸಾರ್, ಇಳಿಯೋಕೆ ಮೂರೇ ನಿಮಿಷ, ಹತ್ತೋಕೆ ಆರು. ಹತ್ತೋದ್ರಲ್ಲೇ ಜಾಸ್ತಿ ಹೊತ್ತು ಇರ್ತೀವಲ್ಲ ಸಾರ್?"

ನಾನು, "ಹೌದಮ್ಮ, ಅದಕ್ಕೇ ಸರಾಸರಿ ತೆಗೆದುಕೊಂಡಿರೋದು" ಎಂದು ಹೇಳಿ ಮುಂದಕ್ಕೆ ಹೋದೆ. ಗಡಿಯಾರ ನೋಡಿಕೊಂಡು ಪಾಠ ಮಾಡುತ್ತಿದ್ದೆ. ಮೌಲ್ಯಮಾಪನದ ಹಂತ ಇನ್ನೂ ಬಾಕಿಯಿತ್ತು. ಅವಳು ಕೂತಳು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ 2 ಗಂಟೆಗೆ ಹೊರಟೆವು. ಶ್ರೀರಂಗಪಟ್ಟಣದಲ್ಲಿ ಅರ್ಧ ಗಂಟೆ ವಿರಾಮ ಸೇರಿ 5.10ಕ್ಕೆ ವಾಪಸು ಎಂದು ಪೋಷಕರಿಗೆ ಚೀಟಿ ಕಳಿಸಿದ್ದೆ. ಹೋಗುವಾಗ ಸರಿಯಾಗಿ ಒಂದು ಗಂಟೆ. ಕೋಟೆ ನೋಡುತ್ತಾ ವಿರಾಮ ಮುಕ್ಕಾಲು ಗಂಟೆಯಾಯಿತು. ಬರುವ ದಾರಿ ಬರೀ ಸವಾರಿಗೇ ಎರಡು ಗಂಟೆ ಹಿಡಿಯಿತು. ಒಂದು ಪಂಕ್ಚರ್‌ಗೆ ಅರ್ಧ ಗಂಟೆ. ಕೊನೆಯಲ್ಲಿದ್ದವಳು ಅದೇ ಹುಡುಗಿ. ಅವಳಿಗಾಗಿ ಮತ್ತೆ ಮತ್ತೆ ನಿಲ್ಲಬೇಕಾಯಿತು. ಡಿಸೆಂಬರ್ ತಿಂಗಳು, ಆರು ಗಂಟೆಗೆಲ್ಲ ಹೊತ್ತು ಮುಳುಗಿತು. ಯಾವ ಸೈಕಲ್ಲಿಗೂ ದೀಪವಿರಲಿಲ್ಲ. ಸರ್ವೀಸ್ ರಸ್ತೆಯ ಅಂಚಿನಲ್ಲಿ ಎಲ್ಲರನ್ನೂ ಇಳಿಸಿ, ಮೊಬೈಲಿನ ಬೆಳಕಿನಲ್ಲಿ ಸೈಕಲ್ ತಳ್ಳಿಸಿಕೊಂಡು ಬಂದೆವು. ಶಾಲೆ ಸೇರಿದಾಗ 6.30. ಗೇಟಿನ ಬಳಿ ಹತ್ತು ಹನ್ನೆರಡು ಪೋಷಕರು ನಿಂತಿದ್ದರು. ಯಾರಿಗೂ ಏಟಾಗಿರಲಿಲ್ಲ ಎಂಬುದೊಂದೇ ಸಮಾಧಾನ.

ಮುಖ್ಯೋಪಾಧ್ಯಾಯರು ಪೋಷಕರ ಮುಂದೆ ಏನೂ ಅನ್ನಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದರು: "ಮೇಷ್ಟ್ರೇ, ಲೆಕ್ಕದ ಪಾಠ ನಿಮ್ಮದೇ ಅಲ್ವೇ?" ಪ್ರವಾಸದ ವಿಷಯ ಎಸ್‌ಡಿಎಂಸಿ ಸಭೆಯ ಮುಂದೆ ಮತ್ತೆ ಇಡಬೇಕು, ಅಲ್ಲಿಯವರೆಗೆ ರಸ್ತೆಗೆ ಇಳಿಯಬಾರದು ಎಂದರು.

ಆ ರಾತ್ರಿ ಗುರುವಾರದ ವೀಕ್ಷಣಾ ಹಾಳೆಯನ್ನು ತೆಗೆದು ಓದಿದೆ. ಮೇಲ್ವಿಚಾರಕರು ಒಂದು ಸಾಲು ಬರೆದಿದ್ದರು: ಸೂತ್ರದ ನಿರೂಪಣೆ ಸ್ಪಷ್ಟ, ಮಕ್ಕಳ ಪ್ರತಿಕ್ರಿಯೆಯನ್ನು ಬಳಸಿಕೊಂಡಿಲ್ಲ. ಮೂರು ನಿಮಿಷ, ಆರು ನಿಮಿಷ. 1200 ಮೀಟರ್‌ಗೆ ಒಟ್ಟು 9 ನಿಮಿಷ. ಅಂದರೆ ಗಂಟೆಗೆ 8 ಕಿ.ಮೀ.; 24 ಕಿ.ಮೀ.ಗೆ ಪೂರ್ತಿ 3 ಗಂಟೆ. ಸರಿಯಾದ ಉತ್ತರ ನಾನು ಬರೆಸಿದ ಅಳತೆಯಲ್ಲೇ ಇತ್ತು. ಅದನ್ನು ಹುಡುಗಿ ಬಾಯಿಬಿಟ್ಟು ಹೇಳಿಯೂ ಇದ್ದಳು. ಇಪ್ಪತ್ತು ನಿಮಿಷದ ಅಂತರ ಮಾತ್ರ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಪಂಕ್ಚರಿಗೂ ನಿಧಾನದವರಿಗೂ ನಾನು ಒಂದು ನಿಮಿಷವನ್ನೂ ಇಟ್ಟಿರಲಿಲ್ಲ. ಎರಡೂ ತಪ್ಪಿನ ಮೂಲ ಒಂದೇ: ಹಲಗೆಯ ಮೇಲಿನ ಸಂಖ್ಯೆಯನ್ನು ನಂಬಿದೆ, ರಸ್ತೆಯಲ್ಲಿ ತುಳಿಯುವವರ ಮಾತನ್ನು ಕೇಳಲಿಲ್ಲ.

ನಾಲ್ಕನೇ ವಾರ: ಮರುಯೋಜನೆ

ಸೂಕ್ಷ್ಮ ಬೋಧನೆಯ ಚಕ್ರ ನಮಗೆಲ್ಲ ಬಾಯಿಪಾಠ. 1963ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ಪದ್ಧತಿ. ನಮ್ಮಲ್ಲಿ ರೂಢಿಯಲ್ಲಿರುವ ಎನ್‌ಸಿಇಆರ್‌ಟಿ ಮಾದರಿಯಲ್ಲಿ ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6, ಒಟ್ಟು 36. ಇದನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಮರುಯೋಜನೆಗೆ ಮಾತ್ರ ಎರಡು ಪಾಲು ಕಾಲ ಏಕೆ ಎಂದು ಕೇಳಿಕೊಂಡದ್ದು ಈ ವಾರ. ನನ್ನ ಮೊದಲ ಪಟ್ಟಿಯಲ್ಲಿ ಸವಾರಿಯ ಮೇಲೆ ಸವಾರಿ ಇತ್ತು. ಒಂದು ಸವಾರಿಗೂ ಇನ್ನೊಂದಕ್ಕೂ ನಡುವೆ ಯೋಚಿಸುವ ಜಾಗವಿರಲಿಲ್ಲ. ನಾಲ್ಕನೇ ವಾರವನ್ನು ಪೂರ್ತಿ ಅದಕ್ಕೇ ಬಿಟ್ಟೆವು.

ಮೊದಲು ಪಾಠವನ್ನು ತಿದ್ದಿದೆ. ಸೋಮವಾರ ಹಲಗೆಯ ಮೇಲೆ ಗುರುವಾರದ ಲೆಕ್ಕವನ್ನೇ ಮತ್ತೆ ಬರೆದು, "ಇದರಲ್ಲಿ ನಾನು ತಪ್ಪು ಮಾಡಿದ್ದೇನೆ, ಹುಡುಕಿ" ಎಂದೆ. ಆ ಹುಡುಗಿಯನ್ನು ಕರೆದು, ಅವತ್ತು ಹೇಳಿದ್ದನ್ನು ಚಿತ್ರ ಮಾಡಿ ತೋರಿಸಲು ಕೇಳಿದೆ. ಅವಳು ಒಂಬತ್ತು ಚೌಕ ಬರೆದಳು, ಒಂದೊಂದೂ ಒಂದು ನಿಮಿಷ. ಮೂರು ಚೌಕದಲ್ಲಿ 200 ಮೀಟರ್, ಆರು ಚೌಕದಲ್ಲಿ 100 ಮೀಟರ್. ಕೂಡಿದರೆ 1200. ಒಂಬತ್ತರಿಂದ ಭಾಗಿಸಿದರೆ ನಿಮಿಷಕ್ಕೆ 133 ಮೀಟರ್ ಚಿಲ್ಲರೆ, ಗಂಟೆಗೆ 8 ಕಿ.ಮೀ.

"ಹಾಗಾದರೆ 9 ಯಾವಾಗ ಸರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗ ಮೂರು ಚೌಕ ಅಳಿಸಿದ. ಎರಡು ಜವದಲ್ಲೂ ಮೂರು ಮೂರು ನಿಮಿಷ ಹೋದರೆ 6 ನಿಮಿಷಕ್ಕೆ 900 ಮೀಟರ್, ಗಂಟೆಗೆ 9 ಕಿ.ಮೀ. ಕಾಲ ಸಮನಾಗಿದ್ದರೆ ಕೂಡಿ ಎರಡರಿಂದ ಭಾಗಿಸಬಹುದು. ದೂರ ಸಮನಾಗಿದ್ದರೆ ಆಗದು. ಜವ ಒಂದೇ ದರದಲ್ಲಿ ಬದಲಾಗುವಾಗ ಆರಂಭದ ಮತ್ತು ಕೊನೆಯ ಬೆಲೆಗಳನ್ನು ಕೂಡಿ ಅರ್ಧ ಮಾಡುವ ಸೂತ್ರ ಇದೇ ಪಾಠದಲ್ಲಿ ಬರುತ್ತದೆ. ನಾನು ಅದನ್ನು ಅದರದಲ್ಲದ ಜಾಗದಲ್ಲಿ ತಂದು ಕೂರಿಸಿದ್ದೆ. ಪಾಠದ ಅಭ್ಯಾಸದಲ್ಲೇ ಹೋಗುವಾಗ ಗಂಟೆಗೆ 20, ಅದೇ ದಾರಿಯಲ್ಲಿ ಬರುವಾಗ 30 ಎಂಬ ಲೆಕ್ಕವಿದೆ. ಉತ್ತರ 24, 25 ಅಲ್ಲ. ವಾರದ ಕೊನೆಯ ಕಿರುಪರೀಕ್ಷೆಯಲ್ಲಿ ಇದನ್ನು ಕೊಟ್ಟಾಗ 28ರಲ್ಲಿ 23 ಮಂದಿ 24 ಬರೆದರು. ಉಳಿದ ಐವರಿಗೆ ಚೌಕಗಳನ್ನು ಮತ್ತೆ ಬರೆಸಿದೆ.

ಆಮೇಲೆ ಸೈಕಲ್ಲುಗಳನ್ನು ನೋಡಿದೆವು. ನಾಡಿಯ ಪಟ್ಟಿಯನ್ನೂ ಸವಾರಿಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟಾಗ ಒಂದು ಪ್ರಶ್ನೆ ಎದ್ದಿತು. ಬೆಟ್ಟದಲ್ಲಿ ಮೊದಲು ಬಂದವಳು ಸೈಕಲ್ಲಿನಲ್ಲಿ ಕೊನೆಗೆ ಬರುವುದೇಕೆ? ದೋಷ ಕಾಲಿನದಾಗಿರಲಾರದು. ಅವಳದು ಅಣ್ಣನ ಹಳೆಯ ಸೈಕಲ್ಲು. ಸೀಟಿನ ಕೊಳವೆ ತುಕ್ಕು ಹಿಡಿದು ಕೆಳಗೇ ಕಚ್ಚಿಕೊಂಡಿತ್ತು. ಪೆಡಲು ತಳಕ್ಕೆ ಬಂದಾಗಲೂ ಅವಳ ಮಂಡಿ ಮಡಚಿಯೇ ಇರುತ್ತಿತ್ತು. ಸೀಟಿನ ಎತ್ತರಕ್ಕೆ ಸುಲಭದ ಅಳತೆಯಿದೆ: ಕೂತು ಹಿಮ್ಮಡಿಯನ್ನು ತಳದ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿಯಲ್ಲಿ ಸ್ವಲ್ಪ ಮಡಿಕೆ ಉಳಿಯುತ್ತದೆ. ಸೈಕಲ್ ಷಾಪಿನವರು ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟುಕೊಂಡು ಸೀಟನ್ನು ನಾಲ್ಕು ಬೆರಳು ಮೇಲೆತ್ತಿ ಕೊಟ್ಟರು. ಅವಳ ಹಿಂದೆಯೇ ಇನ್ನೂ ಆರು ಸೈಕಲ್ಲುಗಳ ಸೀಟು ಮೇಲೇರಿತು. ಮೊದಲ ವಾರದ ತಪಾಸಣೆಯಲ್ಲಿ ಬ್ರೇಕು, ಚೈನು ನೋಡಿದ್ದೆವು. ಅದರ ಮೇಲೆ ಕೂರುವವರನ್ನು ಕೂರಿಸಿ ನೋಡಿರಲಿಲ್ಲ.

ಎಸ್‌ಡಿಎಂಸಿ ಸಭೆಯಲ್ಲಿ ನನ್ನ ಲೆಕ್ಕದ ತಪ್ಪನ್ನು ಒಪ್ಪಿಕೊಂಡೆ. ಮಕ್ಕಳು ಮಾಡಿದ ಹೊಸ ವೇಳಾಪಟ್ಟಿಯನ್ನು ಮುಂದಿಟ್ಟೆವು. ಹುಡುಗಿಯ ತಂದೆ ಎದ್ದು, "ಬೆಳಕಿರುವಾಗ ಹೋಗಿ ಬೆಳಕಿರುವಾಗ ಬನ್ನಿ ಸಾರ್, ನಮ್ಮದು ಇಷ್ಟೇ" ಎಂದರು. ಅನುಮತಿ ಸಿಕ್ಕಿತು. ನಮ್ಮ ಪಟ್ಟಿಯ ಮೊದಲ ನಿಯಮ ಆ ಮಾತೇ ಆಯಿತು.

ಉಳಿದ ವಾರಗಳು

ಐದನೇ ವಾರ ಭಾನುವಾರ ಬೆಳಿಗ್ಗೆ ಮತ್ತೆ ಶ್ರೀರಂಗಪಟ್ಟಣಕ್ಕೇ ಹೋದೆವು. ಹೊಸ ಊರಿಗೆ ಹೋಗೋಣ ಎಂದು ಮಕ್ಕಳು ಕೇಳಿದರೂ ಒಪ್ಪಲಿಲ್ಲ. ಅದೇ ದಾರಿಯಾದರೆ ತಾನೇ ಏನು ಬದಲಾಯಿತೆಂದು ತಿಳಿಯುವುದು? ಆರನೇ ವಾರ ಚಾಮುಂಡಿ ಬೆಟ್ಟ. ಏಳನೇ ವಾರ ಕ್ಯಾರಿಯರ್‌ಗೆ ಚೀಲ ಕಟ್ಟಿಕೊಂಡು 35 ಕಿ.ಮೀ. ಎಂಟನೇ ವಾರ 8 ಕಿ.ಮೀ. ಮಾತ್ರ, ಮೈಗೆ ವಿಶ್ರಾಂತಿ.

ಈ ಸವಾರಿಗಳಲ್ಲಿ ಮೂರು ರೂಢಿಗಳು ನಿಂತವು. ಪಕ್ಕದವರೊಡನೆ ಮಾತಾಡಲು ಆಗದಷ್ಟು ಏದುಸಿರು ಬಂದರೆ ಜವ ತಗ್ಗಿಸುವುದು. ಎಲ್ಲರಿಗಿಂತ ನಿಧಾನದವರು ಮುಂದಿನಿಂದ ಎರಡನೆಯವರು. ಸಾಲು ಅವರ ಜವದಲ್ಲೇ ಸಾಗುವುದು. ಹಸಿವು ಬಾಯಾರಿಕೆ ಕಾಡುವ ಮೊದಲೇ ನಿಂತು ಬಾಳೆಹಣ್ಣು, ಕಡಲೆಕಾಯಿ ಮಿಠಾಯಿ, ನೀರು. ಬೇಧಿಯಾದಾಗ ಮನೆಯಲ್ಲೇ ಮಾಡುವ ಸಕ್ಕರೆ ಉಪ್ಪಿನ ನೀರಿನ ಪ್ರಮಾಣವನ್ನೂ ವಿಜ್ಞಾನದ ಅವಧಿಯಲ್ಲಿ ಹೇಳಿಕೊಟ್ಟೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚವನ್ನು ಮಟ್ಟವಾಗಿ ಅಳೆಯಬೇಕು, ಉಪ್ಪು ಹೆಚ್ಚಾಗಬಾರದು.

ಪ್ರವಾಸ

ಜನವರಿಯ ಒಂದು ಶನಿವಾರ ಬೆಳಿಗ್ಗೆ 6.45ಕ್ಕೆ ಹೊರಟೆವು. ಕಾಲಪಾಲಕಿ ಅದೇ ಹುಡುಗಿ. ಅವಳ ಪಟ್ಟಿಯಲ್ಲಿ ಏರಿಗೆ ಬೇರೆ ಜವ, ಸಮದಾರಿಗೆ ಬೇರೆ ಜವ, ವಿರಾಮಕ್ಕೆ ಒಂದು ಗಂಟೆ ಇತ್ತು. ಮೇಲುಕೋಟೆ ತಲುಪುವ ಹೊತ್ತು 1.10 ಎಂದು ಬರೆದಿದ್ದಳು. ತಲುಪಿದ್ದು 1.25ಕ್ಕೆ. ಕೊನೆಯ ಏರಿನಲ್ಲಿ ಬಹಳ ಮಂದಿ ಇಳಿದು ತಳ್ಳಿದರು. ಬೆಟ್ಟ ಹತ್ತಿ ರೂಢಿಯಾದ ಕಾಲುಗಳು, ಯಾರೂ ಕೂರಲಿಲ್ಲ. ಸಂಜೆ ಎಲ್ಲರೂ ಯೋಗಾನರಸಿಂಹನ ಬೆಟ್ಟ ಹತ್ತಿದರು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಅಡುಗೆ ತಂಡ ತಂದ ಪುಳಿಯೋಗರೆ ತಿಂದೆವು. ಮರುದಿನ ಮಧ್ಯಾಹ್ನ, ಬೆಳಕಿರುವಾಗಲೇ, ಶಾಲೆಯ ಗೇಟಿನಲ್ಲಿದ್ದೆವು.

ಪ್ರತಿಫಲನ

ಪೂರ್ವಾಭ್ಯಾಸವೆಂದರೆ ಶಕ್ತಿ ತೋರಿಸುವ ಸಂದರ್ಭ ಎಂದು ನಾನು ತಿಳಿದಿದ್ದೆ. ಅದು ದೋಷಗಳು ಮನೆಯ ಹತ್ತಿರದಲ್ಲೇ ಹೊರಬೀಳಲೆಂದು ಇರುವುದು. ತುಕ್ಕು ಹಿಡಿದ ಸೀಟು, ತಪ್ಪಿದ ಸರಾಸರಿ, ಇಲ್ಲದ ದೀಪ, ಇವೆಲ್ಲ ಜಕ್ಕನಹಳ್ಳಿಯ ಏರಿನಲ್ಲಿ ಗೊತ್ತಾಗಿದ್ದರೆ ಕಷ್ಟವಾಗುತ್ತಿತ್ತು. ಆದರೆ ಹೊರಬಿದ್ದ ದೋಷ ತಾನಾಗಿ ಸರಿಹೋಗುವುದಿಲ್ಲ; ನಿಂತು ಯೋಚಿಸುವ ಒಂದು ವಾರವನ್ನು ಅದಕ್ಕೆ ಕೊಡಬೇಕು.

ಅಭ್ಯಾಸ ಪಾಠಗಳಿಗೂ ಇದೇ ಮಾತು. ಪಾಠಗಳ ಸಂಖ್ಯೆ ತುಂಬಿಸುವ ಅವಸರದಲ್ಲಿ ನಾವು ವೀಕ್ಷಣಾ ಹಾಳೆಯನ್ನು ಕಡತಕ್ಕೆ ಸೇರಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ನಾನು ಗುರುವಾರ ಸಂಜೆಯೇ ಆ ಒಂದು ಸಾಲನ್ನು ಓದಿದ್ದರೆ ಶನಿವಾರ ಮಕ್ಕಳು ಕತ್ತಲೆಯಲ್ಲಿ ನಡೆಯಬೇಕಾಗಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಣ್ಣ ಸಲಹೆ. ಪಾಠ ಯೋಜನೆಯ ಪ್ರತಿ ಹಂತದ ಬಲಬದಿಯಲ್ಲಿ ಒಂದು ಖಾಲಿ ಅಂಕಣ ಬಿಡಿ. ನೀವು ನಿರೀಕ್ಷಿಸದ ಯಾವ ಮಾತನ್ನು ಯಾವ ಮಗು ಹೇಳಿತು ಎಂದು ಅಲ್ಲಿ ಬರೆದುಕೊಳ್ಳಿ, ಅಂದೇ ಸಂಜೆ ಓದಿ. ನನ್ನ ಯೋಜನಾ ಪುಸ್ತಕದಲ್ಲಿ ಈಗ ಆ ಅಂಕಣವಿದೆ. ಅದರ ಮೊದಲ ಸಾಲು: "ಹತ್ತೋದ್ರಲ್ಲೇ ಜಾಸ್ತಿ ಹೊತ್ತು ಇರ್ತೀವಲ್ಲ ಸಾರ್?"